ಎರಡನೇ ತಿಂಗಳಲ್ಲೇ ಮನೆಗೆ ಬಂದ ಆಶಾ ಅಕ್ಕನಿಗೆ

ಮೊನ್ನೆ ಮಗಳ ನಾಮಕರಣ ಚೆನ್ನಾಗಿ ಆಯ್ತು. ಬಂದವರೆಲ್ಲ ಮನಸಾರೆ ಹರಸಿದರು. ಆ ಗಲಾಟೆಯಲ್ಲಿ ಕೆಲವರಿಗೆ ಸರಿಯಾಗಿ ಥ್ಯಾಂಕ್ಸ್ ಹೇಳೋಕೂ ಆಗಲಿಲ್ಲ. ಅದನ್ನು ಎಲ್ಲರ ಮುಂದೆಯೇ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮೂರ ಆಶಾ ಅಕ್ಕನಿಗೆ (ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ), ಜೊತೆಗೆ ನಮ್ಮ ಅತ್ತೆಗೆ. ನಮ್ಮ ಮಧುಗಿರಿ ಕಡೆ ಎಷ್ಟೋ ಮನೆಗಳಲ್ಲಿ ಮೂರು ತಿಂಗಳು ತುಂಬುವವರೆಗೆ ಬಸುರಿ ವಿಷಯ ಬಾಯಿಬಿಡುವುದಿಲ್ಲ. ದೃಷ್ಟಿ ಆದೀತು, ಏನಾದರೂ ಹೆಚ್ಚುಕಮ್ಮಿ ಆದೀತು ಅನ್ನೋ ಭಯ. ಅತ್ತೆಗೂ ಆ ಭಯ ಇತ್ತು. ಆದರೂ ಆಶಾ ಅಕ್ಕ ಬಂದಾಗ ಅವರೇ ಒಳಗೆ ಕರೆದು, "ನೋಡಮ್ಮ, ನಮ್ಮ ಸೊಸೆಗೆ ಮುಟ್ಟು ನಿಂತಿದೆ. ಊರಲ್ಲಿ ಹೇಳಬೇಡ, ಏನು ಮಾಡಬೇಕೋ ಮಾಡು" ಅಂದರು. ಅಕ್ಕ ಅಲ್ಲೇ ಕಿಟ್ ಕೊಟ್ಟು ಪರೀಕ್ಷೆ ಮಾಡಿಸಿದರು. ಮಾರನೇ ದಿನವೇ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕರೆದುಕೊಂಡು ಹೋಗಿ, ಬಸುರಿಯ ತಪಾಸಣೆಗಳನ್ನೆಲ್ಲ ಬರೆದಿಡುವ ತಾಯಿ ಕಾರ್ಡ್ ಮಾಡಿಸಿದರು. ಊರಿಗೆ ಒಂದು ಮಾತೂ ಹೋಗಲಿಲ್ಲ. ಊರಿಗೆ ಗುಟ್ಟು ಇರಲಿ, ಆಶಾಗೆ ಗುಟ್ಟು ಬೇಡ ಅಂತ ಅತ್ತೆ ಈಗ ಎಲ್ಲರಿಗೂ ಹೇಳುತ್ತಾರೆ.

ಆಗಿನ್ನೂ ಎರಡನೇ ತಿಂಗಳು. ಸಿಸ್ಟರ್ ತೂಕ, ಬಿಪಿ ನೋಡಿ, ರಕ್ತ, ಮೂತ್ರ ಪರೀಕ್ಷೆಗೆ ಕೊಟ್ಟರು. ಬಿಪಿ 110/70. ಹಿಮೋಗ್ಲೋಬಿನ್ ಮಾತ್ರ 8.6. ಬಸುರಿಗೆ 11ಕ್ಕಿಂತ ಕಮ್ಮಿ ಇರಬಾರದು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಬಸುರಿಗೆ ಸುಸ್ತು ಇದ್ದದ್ದೇ ಅಂತ ಎಲ್ಲರೂ ಅನ್ನುತ್ತಿದ್ದರು. ರಕ್ತ ನೋಡಿದ್ದಕ್ಕೇ ಅಸಲಿ ಕಾರಣ ಗೊತ್ತಾಯ್ತು.

ಮೊದಲು ಫೋಲಿಕ್ ಆಸಿಡ್ ಕೊಟ್ಟರು. ಮಗುವಿನ ಮಿದುಳು, ಬೆನ್ನುಹುರಿಗೆ ಬುನಾದಿ ಬೀಳುವುದು ತೀರಾ ಮೊದಲ ವಾರಗಳಲ್ಲೇ ಅಂತೆ. ಮಗು ಬೇಕು ಅಂದುಕೊಂಡಾಗಲೇ ಈ ಮಾತ್ರೆ ಶುರು ಮಾಡಿದರೆ ಇನ್ನೂ ಒಳ್ಳೇದು ಅಂತ ಡಾಕ್ಟರ್ ನನ್ನ ನಾದಿನಿಗೂ ಹೇಳಿ ಕಳಿಸಿದರು. ಮೂರು ತಿಂಗಳು ತುಂಬಿದ ಮೇಲೆ ಕಬ್ಬಿಣದ ಮಾತ್ರೆ, ದಿನಕ್ಕೆ ಎರಡು. ಹೊಟ್ಟೆ ತೊಳೆಸುತ್ತಿತ್ತು, ಮಲ ಕಪ್ಪಗೆ ಹೋಗುತ್ತಿತ್ತು. ಹೆದರಿ ಬಿಟ್ಟುಬಿಡುವವರೇ ಜಾಸ್ತಿ ಅಂತ ಆಶಾ ಅಕ್ಕ ವಾರವಾರ ಬಂದು ಮಾತ್ರೆ ಮುಗಿದ ಖಾಲಿ ಪಟ್ಟಿ ತೋರಿಸು ಅನ್ನುತ್ತಿದ್ದರು. ಮಾತ್ರೆ ಜೊತೆ ಟೀ ಬೇಡ, ಕ್ಯಾಲ್ಸಿಯಂ ಬೇರೆ ಹೊತ್ತಿಗೆ, ನಿಂಬೆ ಹಣ್ಣಿನ ಪಾನಕ ಕುಡಿ ಅಂತ ಹೇಳಿಕೊಟ್ಟವರೂ ಅವರೇ. ಹೆರಿಗೆ ಹೊತ್ತಿಗೆ ಹಿಮೋಗ್ಲೋಬಿನ್ 10.8 ಆಗಿತ್ತು. ರಕ್ತ ಏರೋಕೆ ತಿಂಗಳುಗಳೇ ಬೇಕು. ಏಳನೇ ತಿಂಗಳಲ್ಲಿ ಮೊದಲ ಸಲ ಹೋಗಿದ್ದರೆ ಅಷ್ಟು ಸಮಯ ಎಲ್ಲಿ ಸಿಗುತ್ತಿತ್ತು?

ನಿಜವಾದ ಪರೀಕ್ಷೆ ಬಂದದ್ದು ಎಂಟು ತುಂಬುವ ಹೊತ್ತಿಗೆ. 9ನೇ ತಾರೀಖಿನ ತಪಾಸಣೆಗೆ ಹೋದಾಗ ಬಿಪಿ 140/90. (2016ರಿಂದ ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರೇ ಉಚಿತವಾಗಿ ನೋಡುತ್ತಾರೆ. ನಾಲ್ಕನೇ ತಿಂಗಳಿಂದ ತಪ್ಪದೆ ಹೋಗಿ.) ನನಗೆ ತಲೆನೋವಿಲ್ಲ, ಕಣ್ಣು ಮಂಜಾಗಿಲ್ಲ, ಏನೂ ಇಲ್ಲ. ಡಾಕ್ಟರ್ ಸುಮ್ನೆ ತಾಯಿ ಕಾರ್ಡ್ ತಿರುಗಿಸಿದರು. ಮೊದಲ ಪುಟದಲ್ಲೇ 110/70 ಇತ್ತು. ಇವಳ ಬಿಪಿ ಮೊದಲಿಂದ ಇದ್ದದ್ದಲ್ಲ, ಈಗ ಏರಿದ್ದು ಅಂತ ಅಲ್ಲೇ ತೀರ್ಮಾನ ಆಯ್ತು. ಮಾತ್ರೆ ಕೊಟ್ಟು, ತಾಲ್ಲೂಕು ಆಸ್ಪತ್ರೆಗೆ ಕಳಿಸಿ, ಮೇಲಿಂದ ಮೇಲೆ ಮೂತ್ರದಲ್ಲಿ ಆಲ್ಬುಮಿನ್ (ಒಂದು ಪ್ರೋಟೀನ್) ಹೋಗುತ್ತಿದೆಯಾ ಅಂತ ನೋಡುತ್ತಾ ಬಂದರು.

37 ವಾರ ತುಂಬಿದ ಮೇಲೆ ನೋವು ಬರಿಸಿ ಹೆರಿಗೆ ಮಾಡಿಸೋಣ ಅಂದರು. ಆದರೆ 37 ತುಂಬಿದೆಯೋ ಇಲ್ಲವೋ? ನನ್ನ ಮುಟ್ಟು ಮೊದಲಿಂದಲೂ ಏರುಪೇರು, ತಾರೀಖು ನಂಬುವ ಹಾಗಿರಲಿಲ್ಲ. ಆಗ ಕೆಲಸಕ್ಕೆ ಬಂದದ್ದು ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನ್. ಮಗು ತೀರಾ ಚಿಕ್ಕದಿರುವಾಗಿನ ಅಳತೆಯಿಂದಲೇ ದಿನ ಸರಿಯಾಗಿ ಸಿಗೋದು. ಕೊನೆಯ ತಿಂಗಳಲ್ಲಿ ಅಳೆದರೆ ವಾರಗಟ್ಟಲೆ ಆಚೀಚೆ ಆಗುತ್ತೆ. ಆ ವರದಿ ಇಟ್ಟುಕೊಂಡೇ ದಿನ ಗೊತ್ತು ಮಾಡಿದರು. ಮಗಳು 2.6 ಕೆಜಿ ಇದ್ದಳು, ಹುಟ್ಟಿದ ಕೂಡಲೇ ಜೋರಾಗಿ ಅತ್ತಳು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮನಿಗೆ, ರಾತ್ರಿಯಿಡೀ ಕೈ ಹಿಡಿದು ನಿಂತ ಸಿಸ್ಟರ್‌ಗೆ, ಪ್ರತಿ ಸಲ ನೋವಾಗದ ಹಾಗೆ ರಕ್ತ ತೆಗೆದ ಲ್ಯಾಬ್ ಅಣ್ಣನಿಗೆ, ಬಿಸಿಯೂಟದ ಜೊತೆ ಒಳ್ಳೇ ಮಾತನ್ನೂ ಬಡಿಸಿದ ಅಂಗನವಾಡಿ ಟೀಚರ್‌ಗೆ ನನ್ನ ನಮಸ್ಕಾರ. ಕೂಲಿ ಬಿಟ್ಟು ಪ್ರತಿ ತಪಾಸಣೆಗೂ ಜೊತೆಗೆ ಬಂದ ನನ್ನ ಗಂಡನಿಗೂ.

ಆಶಾ ಅಕ್ಕ, ಒಂದೂವರೆ ತಿಂಗಳ ಲಸಿಕೆಗೆ ಗುರುವಾರ ಬೆಳಿಗ್ಗೆಯೇ ಬರುತ್ತೇವೆ. ಎದುರು ಮನೆಯ ಹುಡುಗಿಯೂ ಜೊತೆಗೆ ಬರುತ್ತಾಳೆ, ಅವಳಿಗೂ ಒಂದು ತಾಯಿ ಕಾರ್ಡ್ ಮಾಡಿಸಬೇಕು.