ರೂಟರ್ ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಕಂಪನಿ ಅಪ್‌ಡೇಟ್ ನಿಲ್ಲಿಸಿತೆಂದು ವೈಫೈ ರೂಟರನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಆಧಾರಿತ, ಉಚಿತ ರೂಟರ್ ತಂತ್ರಾಂಶವಾದ ಓಪನ್‌ಡಬ್ಲ್ಯುಆರ್‌ಟಿ ಹಾಕಿ ನೋಡಬಹುದು. 4 ಎಂಬಿ ಫ್ಲ್ಯಾಶ್ (ತಂತ್ರಾಂಶ ಕೂರುವ ಜಾಗ), 32 ಎಂಬಿ ರ‍್ಯಾಮ್‌ನ ಅಗ್ಗದ ಮಾದರಿಗಳ ಆಸೆ ಬಿಡಿ; 16 ಮತ್ತು 128 ಇದ್ದರೆ ನೆಮ್ಮದಿ. ಹಲವರು ಎಡವುವುದು ರೂಟರ್ ತಳದ ಚೀಟಿಯಲ್ಲಿ. ಹೆಸರು ಒಂದೇ ಆದರೂ ವಿ2, ವಿ3 ಎಂದು ಆವೃತ್ತಿ ಬೇರೆಯಿದ್ದರೆ ಒಳಗಿನ ಚಿಪ್ಪೇ ಬೇರೆ ಇರಬಹುದು. ತಪ್ಪು ಫೈಲ್ ಹಾಕಿದರೆ ರೂಟರ್ ಮತ್ತೆ ಏಳದೇ ಹೋಗಬಹುದು. ಸಾಮಾನ್ಯವಾಗಿ ಮೊದಲ ಸಲಕ್ಕೆ ‘ಫ್ಯಾಕ್ಟರಿ’ ಫೈಲ್, ಮುಂದಿನ ಅಪ್‌ಡೇಟ್‌ಗೆ ‘ಸಿಸ್‌ಅಪ್‌ಗ್ರೇಡ್’. ಕೆಲಸ ಲ್ಯಾನ್ ಕೇಬಲ್‌ನಲ್ಲೇ ಆಗಲಿ. ನಡುವೆ ಕರೆಂಟ್ ಹೋದರೆ ಕೆಟ್ಟಿತು. ಆಮೇಲೆ ವೈಫೈ ಕಾಣದಿದ್ದರೆ ಗಾಬರಿ ಬೇಡ, ಅದು ಹೆಚ್ಚಾಗಿ ಆಫ್ ಆಗಿಯೇ ಬರುತ್ತದೆ: ಬ್ರೌಸರ್‌ನಲ್ಲಿ 192.168.1.1 ತೆರೆದು ಪಾಸ್‌ವರ್ಡ್ ಇಟ್ಟು ಆನ್ ಮಾಡಿ. ಡಬ್ಬಿಯ ಮೇಲೆ ಆಂಟೆನಾ ಎಣಿಸಿ ತೋರಿಸುವ ಕಂಪನಿಗಳು ಫ್ಲ್ಯಾಶ್, ರ‍್ಯಾಮ್ ಎಷ್ಟೆಂದೂ ಮುದ್ರಿಸಲಿ.

– ಓದುಗ