ಪ್ರಿಂಟರ್ ಪಕ್ಕದಲ್ಲೇ ಇದ್ದರೂ ಹಾಳೆ ಬರಲು ತಡವೇಕೆ?

ಮಾನ್ಯ ಸಂಪಾದಕರೇ,

ಶಾಖಾ ಕಚೇರಿಗಳಲ್ಲಿ ಪ್ರಿಂಟ್ ಕೊಟ್ಟು ಹಾಳೆಗಾಗಿ ಐದಾರು ನಿಮಿಷ ಕಾಯುವಾಗ ಎಲ್ಲರೂ ಬೈಯುವುದು ಪ್ರಿಂಟರನ್ನು. ತಪ್ಪು ಹೆಚ್ಚಾಗಿ ದಾರಿಯದು. ಪ್ರಿಂಟ್ ಸರ್ವರ್ (ಎಲ್ಲರ ಪ್ರಿಂಟ್ ಕೆಲಸ ಪಡೆದು ಪ್ರಿಂಟರ್‌ಗಳಿಗೆ ಕಳಿಸುವ ಕಂಪ್ಯೂಟರ್) ದೂರದ ಕೇಂದ್ರ ಕಚೇರಿಯಲ್ಲಿದ್ದರೆ ಕಡತ ಅಲ್ಲಿಗೆ ಹೋಗಿ, ಪ್ರಿಂಟರ್‌ಗೆ ಬೇಕಾದ ರೂಪಕ್ಕೆ ಬದಲಾಗಿ ಹಿಗ್ಗಿ, ಅದೇ ಸಣ್ಣ ಲೈನಿನಲ್ಲಿ ಮರಳಬೇಕು. 600 ಡಿಪಿಐನ (ಇಂಚಿಗೆ 600 ಚುಕ್ಕಿ) ಒಂದು ಎ4 ಬಣ್ಣದ ಪುಟ, ಕುಗ್ಗಿಸದೆ ಕಳಿಸಿದರೆ, ಸುಮಾರು 100 ಎಂಬಿ. 2 ಎಂಬಿಪಿಎಸ್ (ಸೆಕೆಂಡಿಗೆ ಕಾಲು ಎಂಬಿ) ಲೈನಿನಲ್ಲಿ ಅದಕ್ಕೆ ಏಳು ನಿಮಿಷ ಬೇಕು! ಬರೀ ಕಪ್ಪು-ಬಿಳುಪಾದರೆ ನಾಲ್ಕು ಎಂಬಿ ಚಿಲ್ಲರೆ.

ಇದಕ್ಕೆ ವಿಂಡೋಸ್ ಸರ್ವರ್ 2012ರಿಂದಲೇ ಪರಿಹಾರವಿದೆ. ಸರ್ವರ್‌ನ ಪ್ರಿಂಟ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪ್ರಿಂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎನೇಬಲ್ ಬ್ರಾಂಚ್ ಆಫೀಸ್ ಡೈರೆಕ್ಟ್ ಪ್ರಿಂಟಿಂಗ್’ ಆರಿಸಿದರೆ, ಕಡತ ಕಂಪ್ಯೂಟರ್‌ನಿಂದ ನೇರ ಪ್ರಿಂಟರ್‌ಗೆ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ವಿಂಡೋಸ್ 8 ಅಥವಾ ನಂತರದ್ದಿರಬೇಕು. ಅಲ್ಲಿಂದ ಪ್ರಿಂಟರ್‌ನ ಐಪಿಗೆ (ನೆಟ್‌ವರ್ಕ್ ವಿಳಾಸಕ್ಕೆ), ಸಾಮಾನ್ಯವಾಗಿ 9100ನೇ ಪೋರ್ಟ್‌ಗೆ (ಆ ವಿಳಾಸದಲ್ಲಿ ಪ್ರಿಂಟ್ ಪಡೆಯುವ ಬಾಗಿಲಿಗೆ), ದಾರಿ ತೆರೆದಿರಬೇಕು. ಇದನ್ನೇ ಮರೆಯುವವರು ಜಾಸ್ತಿ.

ದೂರದ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗಿ ಪ್ರಿಂಟ್ ಕೊಡುವವರಿಗೆ ಇದು ಉಪಯೋಗಕ್ಕೆ ಬಾರದು; ಅವರ ಕಡತ ಹೊರಡುವುದೇ ಆ ದೂರದ ಸರ್ವರ್‌ನಿಂದ. ಅವರು ಡ್ರೈವರ್‌ನಲ್ಲೇ (ಪ್ರಿಂಟರನ್ನು ನಡೆಸುವ ತಂತ್ರಾಂಶದ ಸೆಟ್ಟಿಂಗ್‌ನಲ್ಲೇ) 300 ಡಿಪಿಐ, ಕಪ್ಪು-ಬಿಳುಪು ಇಟ್ಟುಕೊಳ್ಳಲಿ. ಡಿಪಿಐ ಅರ್ಧವಾದರೆ ಹೊರೆ ಕಾಲುಭಾಗಕ್ಕೆ ಇಳಿಯುತ್ತದೆ. ಹೊಸ ಪ್ರಿಂಟರ್ ಖರೀದಿಗೆ ಟಿಪ್ಪಣಿ ಬರೆಯುವ ಮೊದಲು ಕಚೇರಿಗಳು ಇಷ್ಟನ್ನು ದಯವಿಟ್ಟು ನೋಡಲಿ.

– ಒಬ್ಬ ನೆಟ್‌ವರ್ಕ್ ತಂತ್ರಜ್ಞ