ಹಳೆಯ ‘ನುಡಿ’ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲುಗಳು: ಅಳಿಸುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಸಂಘದ 2004ರ ಸ್ಮರಣ ಸಂಚಿಕೆಯ ಫೈಲು ನಿನ್ನೆ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೈಲು ಕೆಟ್ಟಿಲ್ಲ, ಗಾಬರಿ ಬೇಡ. ಆಗ ನುಡಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ ಪದ್ಧತಿ) ಅಲ್ಲ, ಹಾಗಾಗಿ ನುಡಿಯ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ನಿಮ್ಮ ಹತ್ತಿರ ಇಂಥವು ಇದ್ದರೆ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ, ತಪ್ಪಾಗುವುದು ಅಲ್ಲೇ ಜಾಸ್ತಿ. ಮೂಲ ಫೈಲೂ ಇರಲಿ. ಜೊತೆಗೊಂದು ಪಿಡಿಎಫ್/ಎ (ಬಹುಕಾಲ ಕಾಪಿಡಲೆಂದೇ ಇರುವ ಪಿಡಿಎಫ್ ಬಗೆ) ಪ್ರತಿ ಮಾಡಿ, ಫಾಂಟ್ ಅದರೊಳಗೇ ಕೂತಿರುತ್ತದೆ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ (ನನ್ನದೊಂದು ಸತ್ತಿದೆ!). ಒಟ್ಟು 3 ಪ್ರತಿ, ಒಂದು ಬೇರೆ ಊರಿನಲ್ಲಿ. ಹಳೆಯ ಫೋಟೋಗಳನ್ನು ಈ ವಾಟ್ಸಾಪ್ ಗುಂಪಿಗೆ ಡಾಕ್ಯುಮೆಂಟ್ ಆಗಿ ಕಳಿಸಿ, ಸುಮ್ನೆ ಹಾಕಿದರೆ ವಾಟ್ಸಾಪ್ ಕುಗ್ಗಿಸಿಬಿಡುತ್ತದೆ.